ಮಗಳ ಬಳೆಯ ಅಳತೆ

ಯುದ್ಧಕ್ಕೆ ಹೋಗಿಯೂ ಕುಸುರಿ ಕೆಲಸ ಬಿಡದ ನಮ್ಮ ಯಜಮಾನರಿಗೆ,

ನೀವು ಕಳಿಸಿದ ಪಾರ್ಸೆಲ್ ಹೋದ ವಾರ ಬಂತು. ಫಿರಂಗಿ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯನ್ನು ತಟ್ಟಿ ಮಾಡಿದ ಹೂದಾನಿ ಚೆನ್ನಾಗಿದೆ. ಹೂ ಜೋಡಿಸುವಷ್ಟು ಪುರುಸೊತ್ತು ಈ ಮನೆಯಲ್ಲಿ ಯಾರಿಗಿದೆ? ಹೊಲಿಗೆ ಮಿಷನ್ ಪಕ್ಕ ಇಟ್ಟು, ಕತ್ತರಿ, ಟೇಪು ಹಾಕಿದ್ದೇನೆ. "ನನ್ನ ಮಗ ಮಾಡಿದ್ದು, ಯಾರೂ ಮುಟ್ಟಬೇಡಿ" ಅಂತ ಹೇಳಿ ಅತ್ತೆ ತಾವೇ ದಿನವಿಡೀ ಮುಟ್ಟುತ್ತಾರೆ.

ಇನ್ನು ಬಳೆಯ ವಿಷಯ. ಬಿದ್ದ ವಿಮಾನದ ತಗಡನ್ನು ಉಜ್ಜಿ ಉಜ್ಜಿ ಬೆಳ್ಳಿಯಂತೆ ಮಾಡಿದ್ದೀರಿ. ಆದರೆ ಅದು ಮಗಳ ಬೆರಳು ದಾಟಿ ಮೇಲೇರಲಿಲ್ಲ. ಹುಟ್ಟಿದಾಗ ಕಳಿಸಿದ್ದ ತೊಟ್ಟಿಲ ಫೋಟೋ ನೋಡಿಕೊಂಡೇ ಮಾಡಿದಿರೇನು? ಅವಳಿಗೀಗ ಮೂರು ತುಂಬಿತು ರೀ. ಚಿಲಕ ತೆಗೆದು ಬೀದಿಗೆ ಓಡುತ್ತಾಳೆ. ಬಳೆ ಹಿಡಿಯಲಿಲ್ಲವೆಂದು ಅಳಲೂ ಇಲ್ಲ. ಚಿಂದಿ ಬಟ್ಟೆಯ ಗೊಂಬೆಯ ಸೊಂಟಕ್ಕೆ ಏರಿಸಿ, "ಅಪ್ಪ ಇವಳಿಗೇ ಕಳ್ಸಿರೋದು" ಎಂದಳು.

ದರ್ಜಿಯ ಗಂಡನೇ ಅಳತೆಯಿಲ್ಲದೆ ಕೆಲಸ ಮಾಡಿದರೆ ನನ್ನ ಮರ್ಯಾದೆ ಏನಾಗಬೇಕು? ನಿಮಗೆ ಅಳತೆ ಕಳಿಸೋಣವೆಂದು ಇವತ್ತು ಅವಳ ಕೈಗೆ ದಾರ ಸುತ್ತುತ್ತಿದ್ದೆ. ಅಷ್ಟರಲ್ಲಿ ಅತ್ತೆ ರೇಡಿಯೋ ಜೋರು ಮಾಡಿದರು. ಯುದ್ಧ ನಿಂತಿತಂತೆ. ಬೀದಿಯವರೆಲ್ಲ ಸುದ್ದಿ ಕೇಳಲು ಮನೆ ಮುಂದಿನ ನಮ್ಮ ಹೊಲಿಗೆ ಅಂಗಡಿಗೇ ನುಗ್ಗಿದರು. ಅತ್ತೆಯೇ ಕತ್ತರಿ, ಟೇಪು ಹೊರಗೆ ಸುರಿದು ಹೂದಾನಿಯನ್ನು ಗಂಟೆಯಂತೆ ಬಾರಿಸಿದರು.

ದಾರ ಕಳಿಸುವುದಿಲ್ಲ. ಬರುವಾಗ ಏನೂ ಮಾಡಿ ತರಬೇಡಿ, ಬರಿಗೈಲೇ ಬನ್ನಿ. ಮಗಳು ಭಾರವಾಗಿದ್ದಾಳೆ, ಎತ್ತಿಕೊಳ್ಳಲು ಎರಡೂ ಕೈ ಬೇಕು.

ಬಾಗಿಲಲ್ಲೇ ನಿಂತಿರುವ,
ನಿಮ್ಮ ದರ್ಜಿ