ದಂಡಿಯ ಮಲ್ಲಿಗೆ

ಆಳಂದ
ಮೇ ೨೦, ೨೦೨೫

ಚಿ. ಸೌ. ಸೃಷ್ಟಿಗೆ,

ನಿನ್ನ ಅವ್ವನ ಆಶೀರ್ವಾದಗಳು. ಹೊಟ್ಟೆಯಲ್ಲಿರುವ ಕೂಸಿಗೂ ಅದರಲ್ಲಿ ಪಾಲಿದೆ. ನಿನ್ನ ಸೀಮಂತದ ಕುಬಸ ಮುಗಿಸಿ ಅಫಜಲಪುರದಿಂದ ಬಂದ ಮೇಲೆ ಅವ್ವ ಒಂದು ಮಾತೂ ಆಡಲಿಲ್ಲವೆಂದು ಸಿಟ್ಟಾಗಬೇಡ. ಫೋನ್ ಮಾಡಿದರೆ "ಅವ್ವಾ, ಆಮ್ಯಾಲ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತೀ. ಕಾಗದದ ಬಾಯಿ ಹಾಗೆ ಮುಚ್ಚಿಸಲು ಬರುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಮೊದಲು ನಮ್ಮ ಗ್ಯಾಲರಿಯ ಸುದ್ದಿ. ಬಕೆಟ್ಟಿನ ಪುಂಡಿಪಲ್ಯ ಮೊಳಕಾಲೆತ್ತರ ಬಂದಿದೆ. ಎಣ್ಣೆ ಡಬ್ಬಿಯ ಕೊತ್ತಂಬರಿ ಬಿಸಿಲಿಗೆ ಬಾಡಿತ್ತು, ಹಳೇ ಸೀರೆ ಕಟ್ಟಿ ನೆರಳು ಮಾಡಿದ ಮೇಲೆ ತಲೆ ಎತ್ತಿದೆ. ಮುಂಜಾನೆ ಅಕ್ಕಿ ತೊಳೆದ ನೀರು ಹಾಕಿ, ಮಣ್ಣು ಅದನ್ನು ಕುಡಿಯುವುದನ್ನು ನೋಡುತ್ತ ನಿಂತರೆ ಕೈಯಲ್ಲಿನ ಚಹಾ ಆರಿದ್ದೂ ಗೊತ್ತಾಗುವುದಿಲ್ಲ. ನನಗೆ ಇಷ್ಟು ಸುಖ ಸಾಕೆಂದುಕೊಂಡಿದ್ದೆ.

ಮಲ್ಲಿಗೆಯಂತೂ ಈ ವರ್ಷ ಹುಚ್ಚು ಹಿಡಿದಂತೆ ಅರಳಿದೆ. ನೀನು ಹುಟ್ಟಿದ ವರ್ಷ ನಿನ್ನಪ್ಪ ಅಂದೋಲಾದಿಂದ ತಂದು ನೆಟ್ಟ ಬಳ್ಳಿ. ಅವರು ತೀರಿಕೊಂಡ ಮೇಲೆ ನಾನು ಮುಡಿಯಲಿಲ್ಲ, ಆದರೆ ಬಳ್ಳಿಗೆ ಒಂದು ದಿನವೂ ನೀರು ತಪ್ಪಿಸಲಿಲ್ಲ. ಕುಬಸದ ದಿನ ನಿನ್ನ ತಲೆಗೆ ಕಟ್ಟುವ ದಂಡಿಯನ್ನು ನನ್ನ ಕೈಯಾರೆ ಹೆಣೆಯಬೇಕೆಂದು ಒಂದು ಮೊಗ್ಗನ್ನೂ ಯಾರಿಗೂ ಕೊಡದೆ ಕಾದೆ. ಕೆಳಗಿನ ಮನೆಯ ಮಹೆಕ, "ನಂಗೂ ನಾಕ್ ಮೊಗ್ಗ ಕೊಡ್ರಿ ಅಮ್ಮಾ, ಇಷ್ಟ್ ಕಂಜೂಸ್ ಆಗಬ್ಯಾಡ್ರಿ" ಎಂದು ನಕ್ಕಳು.

"ನನ್ನ ಮಗಳ ತಲಿಗಿ ಏರೂ ಹೂ ಇವು. ಸುಮ್ನ ಹೋಗ ಬೇ" ಎಂದು ಅವಳನ್ನು ಗದರಿಸಿ ಕಳಿಸಿದೆ.

ದಂಡಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ತಾಗದಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ನಿನ್ನ ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು, "ಭಾಳ ಚಂದ ಕಟ್ಟೀರ್ರಿ" ಎಂದರು. ಆಮೇಲೆ ನೋಡಿದರೆ ನಿನ್ನ ತಲೆಯ ಮೇಲೆ ಪೇಟೆಯ ದಂಡಿ, ಅದಕ್ಕೆ ಪ್ಲಾಸ್ಟಿಕ್ ಮುತ್ತು ಬೇರೆ! ನನ್ನದು ದೇವರ ಜಗುಲಿಯ ಮೇಲಿತ್ತು. ಯಾಕೆಂದು ಕೇಳಿದರೆ ನಿನ್ನ ಅತ್ತೆ ಮುಖ ತಗ್ಗಿಸಿ, "ದೇವರಿಗೇ ಏರ್ಸೇವ್ರಿ, ಅದಕಿಂತ ದೊಡ್ಡದೇನದ್ರಿ?" ಎಂದರು.

ಗಂಡ ಸತ್ತವಳ ಕೈಯ ಹೂವು ಲಿಂಗಕ್ಕೆ ನಡೆಯುತ್ತದೆ, ಬಸುರಿಯ ತಲೆಗೆ ನಡೆಯುವುದಿಲ್ಲ! ದಿನಾ ಸಂಜೆ ವಚನ ಹಾಡುವ ಮನೆ, ಸೂತಕವೆಂಬುದೇ ಇಲ್ಲವೆನ್ನುವ ಮನೆ ಎಂದು ನಂಬಿ ನಿನ್ನನ್ನು ಅಲ್ಲಿ ಕೊಟ್ಟಿದ್ದೆ. ಆರತಿಗೂ ನನ್ನನ್ನು ಯಾರೂ ಕರೆಯಲಿಲ್ಲ. ಉಣ್ಣದೆ ಎದ್ದು ಬಂದೆ. ದಾರಿಯುದ್ದಕ್ಕೂ ನಿನ್ನ ಅತ್ತೆಯನ್ನು ಬಾಯಿಗೆ ಬಂದಂತೆ ಬೈದುಕೊಂಡೆ.

ಈಗ ಮಹೆಕಳಿಗೆ ದಿನಾ ಮೊರದ ತುಂಬ ಹೂ ಕೊಡುತ್ತೇನೆ. ಮುಡಿದುಕೊಂಡು ಬಂದು ತೋರಿಸುತ್ತಾಳೆ. ಅವಳಿಗೇನೂ ಆಗಿಲ್ಲ, ಗುಂಡುಕಲ್ಲಿನಂತೆ ಇದ್ದಾಳೆ.

ಅಳಿಯ ಅಮರನಾಥರನ್ನು ಕೇಳಿದೆನೆಂದು ಹೇಳು. ಹೊತ್ತು ಹೊತ್ತಿಗೆ ಉಣ್ಣು, ಭಾರ ಎತ್ತಬೇಡ. ನೂರು ವರ್ಷ ಮುತ್ತೈದೆಯಾಗಿ ಬಾಳು. ಈ ಹರಕೆಯಾದರೂ ನನ್ನ ಬಾಯಿಂದ ನಡೆಯುತ್ತದೆಯೋ, ಅದನ್ನೂ ಪೇಟೆಯಿಂದ ತರಿಸುತ್ತೀರೋ?

ನಿನ್ನ ಅವ್ವ,
ಗೌರಾಬಾಯಿ

ತಾ.ಕ.: ಇಷ್ಟು ಬರೆದು ಮಡಚಿಡುವಷ್ಟರಲ್ಲಿ ನಿನ್ನ ಅತ್ತೆಯ ಫೋನ್ ಬಂತು. ಅಳುತ್ತಿದ್ದರು. "ನೀವು ಉಣ್ಣದೇ ಹೋದ್ರಿ, ನನಗ ತುತ್ತು ಇಳಿಯವಲ್ದ್ರಿ. ನಾ ನಿಮ್ಮ ದಂಡಿನೇ ಕಟ್ಟಾಕ ಹೋಗಿದ್ದೆ. ನಿಮ್ಮ ಮಗಳೇ ನನ್ನ ಕೈ ಹಿಡದು, 'ಅವ್ವ ಕಟ್ಟಿದ್ದು ಬ್ಯಾಡ್ರಿ ಅತ್ತೀ, ನಂಗ ಅಂಜಿಕಿ ಬರ್ತದ' ಅಂದ್ಳ್ರಿ" ಎಂದರು. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಅವರಿಗೆ ಬೈದದ್ದೆಲ್ಲ ನಿನಗೇ ಎಂದು ಓದಿಕೋ. ಬಾಣಂತನಕ್ಕೆಂದು ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬರುವ ಮೊದಲು ಒಂದು ಮಾತು ಹೇಳು ಮಗಳೇ, ನಿನ್ನ ಕೂಸಿಗೆ ನೀರು ಎರೆಯುವ ಕೈ ಯಾರದಾಗಬೇಕು?