ಹೊರಗೆ ಕೂತು ಕುಡಿದ ಚಹಾ

ಕುಷಾಯಿಗೂಡ, ಹೈದರಾಬಾದ್
2 ಫೆಬ್ರವರಿ 2025

ಬೀಗತಿ ಗಂಗೂಬಾಯಿಯವರಿಗೆ ನಿಮ್ಮ ಸಾಬಮ್ಮನ ಶರಣು.

ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಕಾಗದಕ್ಕಾದರೆ ಕಟ್ ಮಾಡುವ ಗುಂಡಿ ಇರುವುದಿಲ್ಲ. ಪೂರ್ತಿ ಓದಿರಿ, ಆಮೇಲೆ ಬೇಕಾದರೆ ಬೈಯಿರಿ.

ನಿಮ್ಮ ಅಣ್ಣನನ್ನು ಬಾಗಿಲ ಹೊರಗೆ ಕೂಡಿಸಿದ ಮನೆಗೆ ಕಾಲಿಡುವುದಿಲ್ಲ, ಮೊಮ್ಮಗಳ ತೊಟ್ಟಿಲಿಗೂ ಬರುವುದಿಲ್ಲ ಎಂದು ನೀವು ಹೇಳಿ ಕಳಿಸಿದ್ದು ಮುಟ್ಟಿತು. ಅದನ್ನು ಕೇಳಿದಾಗಿನಿಂದ ನಿಮ್ಮ ಮಗಳು ಸುಮಂಗಲಾ ಸರಿಯಾಗಿ ಉಂಡಿಲ್ಲ. ಹೊರಗೆ ಕೂಡಿಸಿದ್ದು ನಿಜ. ಆದರೆ ನಿಮಗೆ ಅರ್ಧ ಕಥೆಯಷ್ಟೇ ಮುಟ್ಟಿದೆ.

ನವೆಂಬರಿನಲ್ಲಿ ಕಟ್ಟಡದ ಕಂಪನಿಯವರು ಕೂಲಿಯವರಿಗೂ ಮನೆಮಂದಿಗೂ ಫ್ಲೂ ಜ್ವರದ ಸೂಜಿ ಹಾಕಿಸಲು ನರ್ಸಮ್ಮನನ್ನು ಕರೆಸಿದ್ದರು. ನಮ್ಮ ಶೆಡ್ಡಿನ ಸಾಲಿನಿಂದ ಯಾರೂ ಹೋಗಲಿಲ್ಲ. ತೋಳು ನೋವಾದರೆ ಮರುದಿನ ಬುಟ್ಟಿ ಎತ್ತುವವರು ಯಾರು? ನಮ್ಮ ಮೇಸ್ತ್ರಿ, ನಿಮ್ಮ ಅಣ್ಣ ಅಂಬಣ್ಣನವರಂತೂ, "ನಮ್ಮ ಮೈಗೆ ಸಿಮೆಂಟ್ ಹಿಡದೈತಿ, ಥಂಡಿ ಒಳಗ ಹೋಗಂಗಿಲ್ಲ" ಎಂದು ನಕ್ಕರು. ಮೇಸ್ತ್ರಿ ನಕ್ಕರೆ ಸಾಲೆಲ್ಲ ನಗಲೇಬೇಕಲ್ಲ. ತುಂಬು ಬಸುರಿ ಸುಮಂಗಲಾ ಒಬ್ಬಳೇ ಹೋಗಿ ತೋಳು ಚಾಚಿದಳು. ನರ್ಸಮ್ಮನ ತೆಲುಗನ್ನು ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡಳು. ಕೂಸಿಗೆ ಆರು ತಿಂಗಳು ತುಂಬುವ ತನಕ ಈ ಸೂಜಿ ಕೊಡುವುದಿಲ್ಲವಂತೆ. ಬಸುರಿ ತಾಯಿ ಹಾಕಿಸಿಕೊಂಡರೆ ಹೊಟ್ಟೆಯ ಕೂಸಿಗೂ ಒಂದಿಷ್ಟು ಕಾವಲು ಸಿಗುತ್ತದಂತೆ. ಉಳಿದ ಕಾವಲು ಸುತ್ತಲಿನವರ ಕೈಯಲ್ಲಿ.

ಕೂಸು ಹುಟ್ಟಿತು. ಸಂಕ್ರಾಂತಿ ಮುಗಿಯುತ್ತಲೇ ಸಾಲಿನಲ್ಲಿ ಜ್ವರ ಬಿತ್ತು. ನಮ್ಮವರ ಪದ್ಧತಿ ನಿಮಗೆ ಗೊತ್ತಲ್ಲ, ಒಬ್ಬರು ಮಲಗಿದರೆ ಎಲ್ಲರೂ ಹೋಗಿ ಮಾತಾಡಿಸಿ ಬರಬೇಕು. ಹೋಗದವರು ಮನುಷ್ಯರೇ ಅಲ್ಲ. ಮಾತಾಡಿಸಲು ಹೋದವರು ತಾವೇ ಮಲಗಿದರು, ಅವರನ್ನು ಮಾತಾಡಿಸಲು ಉಳಿದವರು ಹೋದರು. ಜ್ವರವನ್ನು ನಾವೇ ಕೈಹಿಡಿದು ಮನೆಮನೆಗೆ ಕರೆದುಕೊಂಡು ಹೋದೆವು.

ಅಂಥ ಹೊತ್ತಿನಲ್ಲಿ ಅಂಬಣ್ಣನವರು ಕೂಸಿಗೆ ಬೆಳ್ಳಿ ಉಡದಾರ ಹಿಡಿದು ಬಂದರು. ಕಣ್ಣು ಕೆಂಡ, ಮಾತಿಗೊಮ್ಮೆ ಕೆಮ್ಮು. ಸುಮಂಗಲಾ ಬಾಯಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು. "ಮಾವ, ನಿಮಗ ಜ್ವರ ಬಂದೈತಿ. ಹೊರಗ ಕೂಡ್ರಿ, ಚಾ ತರ್ತೀನಿ. ಆರಾಮಾದ ಮ್ಯಾಲೆ ಕೂಸಿನ್ನ ಎತ್ಕೊಳ್ರಿ."

ಅವರ ಮುಖ ಕಪ್ಪಿಟ್ಟಿತು. "ಗೌಡರ ಅಂಗಳದಾಗ ನಮ್ಮಪ್ಪ ಹೊರಗ ಕುಂತು ಚಾ ಕುಡದ. ಅದು ಬ್ಯಾಡಂತ ಈ ಊರಿಗೆ ಬಂದೀವಿ. ಈಗ ನನ್ನ ಸೊಸಿ ನನ್ನ ಹೊರಗ ಕುಂದರಸ್ತಾಳ?"

ಸಾಲಿನವರೆಲ್ಲ ಬಾಗಿಲಿಗೆ ಬಂದು ನೋಡಿದರು. ನಾನೂ ಅವಳಿಗೆ, "ದೊಡ್ಡೋರಿಗೆ ಹಿಂಗ ಮಾಡ್ತಾರೇನ?" ಎಂದು ಗದರಿದೆ. ಅವಳು ಒಳಗೆ ಬಂದು, ಮಲಗಿದ್ದ ಕೂಸನ್ನು ನನ್ನ ಕೈಗೆ ಕೊಟ್ಟಳು. ಎರಡು ಗ್ಲಾಸು ಚಹಾ ತಂದಳು. ಒಂದನ್ನು ಮಾವನ ಮುಂದಿಟ್ಟು, ದೂರ ಸರಿದು, ಇನ್ನೊಂದನ್ನು ಹಿಡಿದು ತಾನೂ ಮಣ್ಣಿನ ಮೇಲೆ ಕೂತಳು. "ನೀವೊಬ್ಬರ ಹೊರಗಿಲ್ಲ ಮಾವ, ನಾನೂ ಕುಂತೀನಿ. ನೀವು ಚಾ ಮುಗಿಸೋತನ ಏಳಂಗಿಲ್ಲ. ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ರಿ, ನಿಮ್ಮ ಕೆಮ್ಮಿನ ಮ್ಯಾಲೆ ಸಿಟ್ಟು."

"ಬಾಣಂತಿ ನೆಲಕ್ಕ ಕುಂತಾಳಲ್ಲ, ಏಳ ಯವ್ವಾ!" ಎಂದು ಹೆಂಗಸರು ಕೂಗಿದರು. ಅವಳು ಏಳಲಿಲ್ಲ, ಮಾವ ಕುಡಿಯಲಿಲ್ಲ. ಕಡೆಗೆ ಆರಿದ ಚಹಾವನ್ನೇ ಗಟಗಟ ಕುಡಿದು, ಉಡದಾರವನ್ನು ಹೊಸ್ತಿಲ ಮೇಲಿಟ್ಟು ಎದ್ದು ಹೋದರು. ಆ ಸಿಟ್ಟಿನಲ್ಲೇ ನಿಮಗೆ ಫೋನ್ ಮಾಡಿದ್ದು.

ಆಮೇಲಿನದನ್ನು ಅವರು ನಿಮಗೆ ಹೇಳಿರಲಾರರು. ಮರುದಿನ ಅವರು ಏಳಲಾಗದಂತೆ ಹಾಸಿಗೆ ಹಿಡಿದರು. ದವಾಖಾನೆಗೆ ಕಳಿಸಿದವಳು ಸುಮಂಗಲಾ. ದಿನವೂ ಗಂಜಿ ಕಾಸಿ ಅವರ ಬಾಗಿಲಲ್ಲಿಟ್ಟು, ಹೊರಗಿನಿಂದಲೇ ಮಾತಾಡಿಸಿ ಬಂದವಳೂ ಅವಳೇ. ಅವಳನ್ನು ನೋಡಿ ಸಾಲಿನವರೂ ಹೊರಗೇ ನಿಂತು ಮಾತಾಡಿಸಲು ಕಲಿತರು. ನನ್ನ ಮಗ ಹುಲಗೇಶನಿಗೆ ಕೆಮ್ಮು ಹತ್ತಿದಾಗ ಅವನನ್ನೂ ಗೆಳೆಯನ ಶೆಡ್ಡಿಗೆ ಅಟ್ಟಿದಳು. ಗಂಡನಿಗೇ ಬಿಡದವಳು ಮಾವನಿಗೆ ಬಿಟ್ಟಾಳೆಯೇ! ಕೂಸಿಗೆ ಮಾತ್ರ ಒಂದು ಸೀನೂ ಬರಲಿಲ್ಲ.

ಹೋದ ವಾರ ನರ್ಸಮ್ಮ ಮತ್ತೆ ಬಂದರು. ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಅಂಬಣ್ಣನವರು ಎದ್ದು ಹೋಗಿ ಎಲ್ಲರಿಗಿಂತ ಮುಂದೆ ನಿಂತು ತೋಳು ಬಿಚ್ಚಿದರು. ನರ್ಸಮ್ಮ ಹೆಸರು ಕೇಳಿದರೆ, ನಮ್ಮ ಮೇಸ್ತ್ರಿ ಎದೆಯೆತ್ತಿ, "ಸುಮಂಗಲಾನ ಸೋದರಮಾವ ಅಂತ ಬರಕೋರಿ" ಎಂದರು. ಅವರ ಹಿಂದೆ ನಿಂತವರ ಸಾಲು ನೀರಿನ ಟಾಕಿಯ ತನಕ ಬೆಳೆಯಿತು. ನಾನೂ ಅದರಲ್ಲಿ ನಿಂತಿದ್ದೆ. ತೋಳು ಒಂದು ದಿನ ನೋಯುತ್ತಿತ್ತು, ಅಷ್ಟೇ. ವರ್ಷಕ್ಕೊಮ್ಮೆ ಹಾಕಿಸಬೇಕಂತೆ, ಹಾಕಿಸೋಣ.

ಬೀಗತಿ, ಸೊಸೆಯನ್ನು ಹೊಗಳುವ ಚಟ ನನಗಿಲ್ಲ. ಆದರೆ ಆ ದಿನ ಇವಳು ಯಾರ ಮಗಳು ಎಂದು ಕೇಳಿದವರಿಗೆಲ್ಲ ನಿಮ್ಮ ಹೆಸರು ಹೇಳಿದೆ. ನೀವು ಬರದಿದ್ದರೆ ಇನ್ನು ಮುಂದೆ ನನ್ನ ಹೆಸರೇ ಹೇಳಿಕೊಳ್ಳುತ್ತೇನೆ.

ಭಾರತ ಹುಣ್ಣಿಮೆಗೆ ತೊಟ್ಟಿಲು ಇಟ್ಟುಕೊಂಡಿದ್ದೇವೆ. ಬನ್ನಿ. ನೆಗಡಿ ಕೆಮ್ಮು ಹೊತ್ತು ಬಂದರೆ ಮಾತ್ರ ನಿಮಗೂ ಹೊರಗೇ ಚಹಾ. ಜೊತೆಗೆ ನಾನು ಕೂರುತ್ತೇನೆ.

ನಿಮ್ಮ ಮಗಳನ್ನು ತಿರುಗಿ ಕೊಡದ ಬೀಗತಿ,
ಸಾಬಮ್ಮ

ತಾ.ಕ.: ಈ ಕಾಗದ ಬರೆಯಿರೆಂದು ನನಗೆ ಕೈಮುಗಿದವರು ಯಾರೆಂಬುದನ್ನು ಬರೆಯಬಾರದೆಂದು ಅಂಬಣ್ಣನವರು ಹೇಳಿದ್ದಾರೆ. ಅದಕ್ಕೇ ಬರೆದಿಲ್ಲ. ತೊಟ್ಟಿಲಿಗೆ ಕೊಕ್ಕೆ ಬಡಿಯುತ್ತಾ, "ನನ್ನ ತಂಗಿ ಬರ್ತಾಳೇನ್ರಿ?" ಎಂದು ಕೇಳುತ್ತಲೇ ಇದ್ದಾರೆ. ಉತ್ತರ ನೀವೇ ಬಂದು ಕೊಡಿ.