ಸರೋವರದ ಹಡಗು ಕಟ್ಟಿದ ಕೈ

ಸ್ಯಾಮುವೆಲ್ ಭಾವ,

ನೀನು ತೀರಿಹೋಗಿ ವರ್ಷವಾಯಿತು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ. ಇಲ್ಲಿ ಗಲ್ಫಿನಲ್ಲಿ, ಅರ್ದಿಯಾದ ನಿನ್ನ ರೂಮಿನಲ್ಲಿ ನೀನು ಕಡ್ಡಿ, ಅಂಟು ಹಿಡಿದು ಕಟ್ಟಿದ ಮಾದರಿ ಹಡಗನ್ನು ಮಿರ್ಕಾಬ್‌ನ ನನ್ನ ಅಂಗಡಿಯ ಗಾಜಿನೊಳಗೆ ಇಟ್ಟಿದ್ದೇನೆ. ಇವತ್ತು ಅಮೆರಿಕದ ಮುದುಕರೊಬ್ಬರು ಅದರ ಮುಂದೆ ನಿಂತೇಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಪ್ರವಾಸಿ ಸ್ಟೀಮರಿನ ತಲೆ ಬೋಳಿಸಿ, ಮೇಲೆ ಉದ್ದನೆಯ ಅಂಗಳ ಹಾಸಿ, ಮಿಷಿಗನ್ ಸರೋವರದಲ್ಲಿ ನೌಕಾಪಡೆಯ ಪೈಲಟ್‌ಗಳಿಗೆ ವಿಮಾನ ಇಳಿಸಲು ಕಲಿಸಿದ ಹಡಗು ಅದೆಂದು ಅವರಿಗೆ ಗೊತ್ತಿತ್ತು. ಅವರ ತಂದೆ ಕಲಿತದ್ದು ಅದರ ಮೇಲೆಯೇ ಅಂತೆ. ಒಮ್ಮೆ ವಿಮಾನದ ಸಮೇತ ನೀರಿಗೂ ಬಿದ್ದಿದ್ದರಂತೆ.

"ನೀವೇ ಮಾಡಿದ್ದಾ?" ಎಂದು ಕೇಳಿದರು.

ಗಿರಾಕಿ ಏನು ಕೇಳಿದರೂ ನನ್ನ ನಾಲಗೆ ಮೊದಲು "ಯೆಸ್ ಸರ್" ಎನ್ನುತ್ತದೆ, ನಿನಗೆ ಗೊತ್ತಲ್ಲ. ಹಾಗೇ ಅಂದೆ. ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು. ಆದರೆ ಅವರ ಕಣ್ಣಲ್ಲಿ ನೀರು ಬಂದಿತ್ತು, ನನಗೆ ಹೊಗಳಿಕೆ ಹಿತವಾಗಿತ್ತು. ಹಡಗಿನ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರಗಳ ಬಗ್ಗೆ ನೀನು ಹೇಳಿದ್ದನ್ನೆಲ್ಲ ನನ್ನದೇ ಎಂಬಂತೆ ಒಪ್ಪಿಸಿದೆ. ಅವರು ಏನನ್ನೂ ಕೊಳ್ಳಲಿಲ್ಲ. ಲಾಭವಿಲ್ಲದೆ ನಾನು ಹೇಳಿದ ಮೊದಲ ಸುಳ್ಳು ಇದೇ ಇರಬೇಕು.

ಮನೆಯವರಿಗೆಲ್ಲ ತೋರಿಸಬೇಕೆಂದು ಹಡಗಿನ ಜೊತೆ ನನ್ನ ಫೋಟೋ ತೆಗೆದರು, ನನಗೂ ಕಳಿಸಿದರು. ಮನೆಗೆ ಬಂದಾಗ ನಿನ್ನ ತಂಗಿ ಬ್ರೆಂಡಾ ಅದನ್ನು ನೋಡಿದಳು.

"ಅಣ್ಣನ ಹಡಗು ಎಷ್ಟು ಚಂದ ಬಂದಿದೆ! ನೀವು ಯಾಕೆ ಮಾರಾಯ್ರೆ, ಕಳ್ಳನ ಹಾಗೆ ಕೈ ಹಿಂದೆ ಅಡಗಿಸಿದ್ದು?"

ನಾನು ಕೈ ಮುಂದೆ ತಂದು ನೋಡಿಕೊಂಡೆ, ಒಂದು ಗಾಯದ ಗುರುತೂ ಇಲ್ಲ. ನಿನ್ನ ಬೆರಳುಗಳ ತುಂಬ ಬ್ಲೇಡಿನ ಗೀರುಗಳಿದ್ದವು, ಭಾವ.

ಕಜೆಟನ್